ಹವಳ ಕಡಲಲ್ಲಿರಲಿ, ತೊಟ್ಟಿಗೆ ಉಪ್ಪುನೀರು ಸಾಕು

ಘಟ್ಟದ ಮೇಲಿನ ನಮ್ಮ ಊರುಗಳಿಗೆ ಕಡಲು ಬಹಳ ದೂರದ್ದೇನಲ್ಲ. ಮಳೆ ಕಳೆದ ತಿಳಿಯಾದ ಸಂಜೆಗಳಲ್ಲಿ ಆಗುಂಬೆಯ ಸೂರ್ಯಾಸ್ತದ ಕಟ್ಟೆಯಿಂದ ಅರಬ್ಬೀ ಸಮುದ್ರದ ಅಂಚು ಹೊಳೆಯುವುದನ್ನು ಕಾಣಬಹುದು. ಶರಾವತಿ, ಅಘನಾಶಿನಿಗಳು ನಮ್ಮ ಕಾಡಿನ ನೀರನ್ನೇ ಹೊತ್ತು ಅಲ್ಲಿಗೆ ಇಳಿಯುತ್ತವೆ. ಆದರೂ ಕಡಲಿನ ಒಳಗೆ ಏನಿದೆ ಎಂಬುದು ನಮ್ಮ ಬಹುಪಾಲು ಮಕ್ಕಳಿಗೆ ದೂರದರ್ಶನದ ಚಿತ್ರವಾಗಿಯೇ ಉಳಿದಿದೆ. ಈ ಕೊರತೆಯನ್ನು ತುಂಬುವಂತೆ ಈಗೀಗ ಹೋಂಸ್ಟೇಗಳ ಪಡಸಾಲೆಗಳಲ್ಲಿ, ಪೇಟೆಯ ದೊಡ್ಡ ಅಂಗಡಿಗಳಲ್ಲಿ ನೀಲಿ ಬೆಳಕಿನ ಉಪ್ಪುನೀರಿನ ತೊಟ್ಟಿಗಳು ಕಾಣಿಸಿಕೊಳ್ಳುತ್ತಿವೆ. ಅವುಗಳಲ್ಲಿ ಬಣ್ಣದ ಮೀನುಗಳು ಮಾತ್ರವಲ್ಲ, ಹವಳದ ಜೀವಂತ ತುಂಡುಗಳೂ ಇರುತ್ತವೆ. ನೋಡಿ ಬಂದ ವಿದ್ಯಾರ್ಥಿಗಳು ಸಹಜವಾಗಿಯೇ ಕೇಳುತ್ತಾರೆ: ನಮ್ಮ ಕಾಲೇಜಿನ ಪರಿಸರ ಸಂಘದಿಂದ ನಾವೂ ಇಂಥದೊಂದು ಹವಳದ ತೊಟ್ಟಿಯನ್ನು ಇಡಬಹುದೇ?

ಉಪ್ಪುನೀರಿನ ತೊಟ್ಟಿಯನ್ನು ಇಡಬಹುದು, ಇಡಲೂಬೇಕು. ಆದರೆ ಅದರಲ್ಲಿ ಹವಳ ಇರಕೂಡದು ಎಂಬುದು ಈ ಲೇಖನದ ಅಭಿಪ್ರಾಯ. ಹವಳದ ತೊಟ್ಟಿ ಕಟ್ಟುವ ಕೆಲಸದಲ್ಲಿ ವಿದ್ಯಾರ್ಥಿಗೆ ನಿಜವಾಗಿ ಕಲಿಸುವ ಭಾಗವೆಂದರೆ ಮೊದಲ ಆರು ವಾರ. ಆ ಆರು ವಾರ ತೊಟ್ಟಿಯಲ್ಲಿ ಕಲ್ಲು, ಮರಳು, ನೀರು ಬಿಟ್ಟು ಕಣ್ಣಿಗೆ ಬೀಳುವಂಥದ್ದು ಏನೂ ಇರುವುದಿಲ್ಲ. ಹವ್ಯಾಸಿಗಳು ಅದನ್ನು ಬೇಸರದಿಂದ ಕಳೆಯುತ್ತಾರೆ, ಅಂಗಡಿಯವರು ದಾಟಿಸಿಬಿಡಲು ನೋಡುತ್ತಾರೆ. ಅದೇ ಭಾಗವನ್ನು ನಾವು ಪೂರ್ತಿಯಾಗಿ ಮಾಡಿ, ಹೆಚ್ಚಿನ ಕಡೆ ಅಲ್ಲಿಗೇ ನಿಲ್ಲಿಸಬಹುದು.

ಅಲಂಕಾರದ ಮೀನಿನ ವ್ಯಾಪಾರ ಹೇಗೆ ನಡೆಯುತ್ತದೆಂಬುದು ಬೆಟ್ಟದವರಿಗೆ ತಿಳಿಯದ ಸಂಗತಿಯಲ್ಲ. ಕೇರಳ ಮತ್ತು ದಕ್ಷಿಣ ಕರ್ನಾಟಕದ ಘಟ್ಟದ ಹೊಳೆಗಳಲ್ಲಿ ಮಾತ್ರ ಬದುಕುವ, ಮೈಯುದ್ದಕ್ಕೂ ಕೆಂಪು-ಕಪ್ಪು ಪಟ್ಟೆಯ ಪುಟ್ಟ ಮೀನೊಂದಿದೆ. ಪೇಟೆಯಲ್ಲಿ ಅದರ ಹೆಸರು ‘ಮಿಸ್ ಕೇರಳ’. ಪರದೇಶದ ತೊಟ್ಟಿಗಳಿಗಾಗಿ ಹೊಳೆಯಿಂದ ಬಾಚಿದ್ದರಿಂದಲೂ ಅದರ ನೆಲೆ ಕೆಟ್ಟಿದ್ದರಿಂದಲೂ ಅದು ಇಂದು ವಿಶ್ವ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಅಪಾಯದ ಪಟ್ಟಿಯಲ್ಲಿದೆ. ಕಡಲಲ್ಲಿಯೂ ಇದೇ ಕಥೆ. ಇಂಡೋನೇಷ್ಯಾದ ಬಂಗ್ಗಾಯ್ ದ್ವೀಪಗಳಲ್ಲಿ ಒಂದು ಬೆಳ್ಳಿಬಣ್ಣದ ಮೀನಿದೆ. ಅದರ ಗಂಡು ಮೊಟ್ಟೆಗಳನ್ನು ಬಾಯಲ್ಲಿಟ್ಟುಕೊಂಡು ಮರಿ ಮಾಡುತ್ತದೆ, ಮರಿಗಳು ದೂರ ಹೋಗದೆ ಅಲ್ಲೇ ಬೆಳೆಯುತ್ತವೆ. 1933ರಲ್ಲಿ ವಿಜ್ಞಾನಕ್ಕೆ ಪರಿಚಯವಾಗಿ ಮರೆತೇಹೋಗಿದ್ದ ಆ ಮೀನನ್ನು 1990ರ ದಶಕದ ನಡುವಿನಲ್ಲಿ ಮತ್ತೆ ಗುರುತಿಸಲಾಯಿತು. ಆಮೇಲೆ ಎಲ್ಲರ ತೊಟ್ಟಿಗೂ ಅದು ಬೇಕಾಯಿತು. 2007ರ ಹೊತ್ತಿಗೆ ಅದೂ ಅಪಾಯದ ಪಟ್ಟಿ ಸೇರಿತು. ಗುರುತಿಸಿದ್ದಕ್ಕೂ ಅಪಾಯಕ್ಕೂ ನಡುವೆ ಹದಿನೈದು ವರ್ಷವೂ ಹಿಡಿಯಲಿಲ್ಲ. ಫಿಲಿಪ್ಪೀನ್ಸಿನಲ್ಲಿ 1960ರ ದಶಕದಿಂದ ಹವಳದ ಸಂದುಗಳಿಗೆ ಸೈನೈಡ್ ಚಿಮ್ಮಿಸಿ ಮೀನುಗಳಿಗೆ ಮಂಪರು ಬರಿಸಿ ಹಿಡಿಯುವ ಪದ್ಧತಿ ಬೆಳೆಯಿತು. ಹೊಳೆಗೆ ಮೈಲುತುತ್ತ ಹಾಕಿ ಮೀನು ಹಿಡಿಯುವವರನ್ನು ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಈ ಹವ್ಯಾಸ ಹುಟ್ಟಿದಾಗಲೇ ಈ ದೋಷವೂ ಹುಟ್ಟಿತು. ಇಂಗ್ಲೆಂಡಿನ ಫಿಲಿಪ್ ಹೆನ್ರಿ ಗಾಸ್ ಎಂಬ ನಿಸರ್ಗ ವಿಜ್ಞಾನಿ 1854ರಲ್ಲಿ ‘ದಿ ಅಕ್ವೇರಿಯಂ’ ಎಂಬ ಪುಸ್ತಕವನ್ನು ಪ್ರಕಟಿಸಿ, ಗಾಜಿನ ಪಾತ್ರೆಯಲ್ಲಿ ಕಡಲಿನ ಜೀವಿಗಳನ್ನು ಸಾಕುವ ವಿಧಾನವನ್ನು ಜನರಿಗೆ ತಿಳಿಸಿದ. ಅವನ ಉದ್ದೇಶ ಸೃಷ್ಟಿಯ ಚೆಲುವನ್ನು ಎಲ್ಲರಿಗೂ ತೋರಿಸುವುದಾಗಿತ್ತು. ಪುಸ್ತಕ ಓದಿದವರು ಬುಟ್ಟಿ, ಉಳಿ, ಸುತ್ತಿಗೆ ಹಿಡಿದು ಕಡಲತೀರಕ್ಕೆ ನುಗ್ಗಿದರು. ಅವನ ಮಗ ಎಡ್ಮಂಡ್ ಗಾಸ್ 1907ರಲ್ಲಿ ಬರೆದ ತನ್ನ ಬಾಲ್ಯದ ಕಥನದಲ್ಲಿ, ತಾನು ಹುಡುಗನಾಗಿ ಕಂಡ ಬಂಡೆಕೊಳಗಳ ಜೀವಲೋಕ ಸಂಗ್ರಾಹಕರ ಕೈಯಲ್ಲಿ ಬರಿದಾದುದನ್ನು ದುಃಖದಿಂದ ನೆನೆದಿದ್ದಾನೆ. ತಂದೆಯ ಪ್ರೀತಿಯೇ ತೀರವನ್ನು ಬರಿದು ಮಾಡಲು ದಾರಿ ತೋರಿಸಿತು. ‘ಕಂಡರೆ ತಾನೇ ಪ್ರೀತಿ ಹುಟ್ಟುವುದು’ ಎಂಬ ವಾದವನ್ನು ಮುಂದಿಡುವವರು ಈ ತಂದೆ-ಮಕ್ಕಳ ಕಥೆಯನ್ನು ಒಮ್ಮೆ ಗಮನಿಸಬೇಕು.

ಮುಂದೆ 1961ರಲ್ಲಿ ಇಂಡೋನೇಷ್ಯಾದ ಲೀ ಚಿನ್ ಎಂಗ್ ಎಂಬ ಹವ್ಯಾಸಿ ತನ್ನ ವಿಧಾನವನ್ನು ಪ್ರಕಟಿಸಿದ: ಹವಳದ ದಿಬ್ಬದ ಕಲ್ಲನ್ನು ಅದರಲ್ಲಿರುವ ಜೀವಿಗಳ ಸಮೇತ ತಂದು ತೊಟ್ಟಿಯಲ್ಲಿಟ್ಟರೆ ನೀರು ತಾನಾಗಿಯೇ ಶುದ್ಧವಾಗಿರುತ್ತದೆ. ಅವನು ಕಂಡುಕೊಂಡದ್ದು ಸತ್ಯವೇ. ಆದರೆ ಅದರ ಫಲವಾಗಿ ‘ಜೀವಂತ ಕಲ್ಲು’ ಎಂಬ ಹೆಸರಿನಲ್ಲಿ ದಿಬ್ಬದ ತುಂಡುಗಳೇ ವಿಮಾನವೇರಿ ಮಾರಾಟಕ್ಕೆ ಬಂದವು. ಗುಂಡಾಗಿ ಬೆಳೆಯುವ ಹವಳ ವರ್ಷಕ್ಕೆ ಹೆಚ್ಚೆಂದರೆ ಒಂದೆರಡು ಸೆಂಟಿಮೀಟರಿನಷ್ಟು ದಪ್ಪವಾಗುತ್ತದೆ. ತೆಂಗಿನಕಾಯಿ ಗಾತ್ರದ ತುಂಡು ಎಷ್ಟು ಕಾಲದ ಬೆಳೆ ಎಂಬುದನ್ನು ಓದುಗರೇ ಲೆಕ್ಕ ಹಾಕಬಹುದು.

ನಮ್ಮ ದೇಶದಲ್ಲಿ ಇದಕ್ಕೆ ಕಾನೂನಿನ ತಡೆಯಿದೆ. ದಿಬ್ಬ ಕಟ್ಟುವ ಎಲ್ಲ ಗಟ್ಟಿ ಹವಳಗಳು, ಕಪ್ಪು ಹವಳ, ಬೀಸಣಿಗೆ ಹವಳಗಳು 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಅನುಸೂಚಿಗೆ ಸೇರಿದವು. ಹುಲಿ, ಆನೆಗಳಿರುವ ಪಟ್ಟಿ ಅದು. ಕಡಲತೀರದ ಅಂಗಡಿಯಿಂದ ತಂದು ಮೇಜಿನ ಮೇಲಿಡುವ ಸತ್ತ ಹವಳವೂ ಇದಕ್ಕೆ ಹೊರತಲ್ಲ. ಈ ಕಾನೂನು ಬರುವ ಮೊದಲು ಏನಾಗುತ್ತಿತ್ತು ಎಂಬುದಕ್ಕೆ ತಮಿಳುನಾಡಿನ ಮನ್ನಾರ್ ಕೊಲ್ಲಿ ಸಾಕ್ಷಿ. ಅಲ್ಲಿ ಸುಣ್ಣಕ್ಕೂ ಸಿಮೆಂಟಿಗೂ ಹವಳವನ್ನು ಅಗೆದರು. 21 ದ್ವೀಪಗಳ ಸರಣಿಯಲ್ಲಿ ಎರಡು ದ್ವೀಪಗಳು ಅಲೆಯ ಹೊಡೆತ ತಾಳಲಾರದೆ ನೀರಿನಡಿ ಸೇರಿದವು.

ಕರ್ನಾಟಕದ ಪಾಲಿಗೆ ಹವಳವೆಂದರೆ ಮುಖ್ಯವಾಗಿ ನೇತ್ರಾಣಿ. ಮುರ್ಡೇಶ್ವರದಿಂದ ಸುಮಾರು ಹತ್ತು ನಾಟಿಕಲ್ ಮೈಲಿ ದೂರದಲ್ಲಿರುವ ಈ ದ್ವೀಪವನ್ನು ಪಾರಿವಾಳ ಗುಡ್ಡ ಎಂದೂ ಕರೆಯುತ್ತಾರೆ. ನಮ್ಮ ಕರಾವಳಿಯುದ್ದಕ್ಕೂ ಘಟ್ಟದ ಹೊಳೆಗಳು ಮಳೆಗಾಲದಲ್ಲಿ ಸಿಹಿನೀರನ್ನೂ ಕೆಂಪು ಮಣ್ಣನ್ನೂ ತಂದು ಸುರಿಯುತ್ತವೆ. ಹವಳಕ್ಕೆ ಬೇಕಾದದ್ದು ತಿಳಿಯಾದ ನೀರು, ಬದಲಾಗದ ಉಪ್ಪು. ಆದ್ದರಿಂದಲೇ ಅದು ದಡವನ್ನು ಬಿಟ್ಟು ಅಷ್ಟು ದೂರದ ಬಂಡೆಯನ್ನು ಹಿಡಿದಿದೆ. ನೌಕಾಪಡೆಯ ಗುರಿಯಭ್ಯಾಸವನ್ನೂ ಮುಳುಗುಗಾರರ ದಟ್ಟಣೆಯನ್ನೂ ಕಂಡಿರುವ ಆ ಪುಟ್ಟ ದ್ವೀಪದ ಹವಳ, ಹೋಂಸ್ಟೇಯ ತೊಟ್ಟಿಗೆಂದು ಒಂದು ತುಂಡೂ ಕದಲಬಾರದು. ಅಂಗಡಿಯವನು ‘ಇದು ಹೊರದೇಶದ್ದು’ ಎಂದರೆ, ಆ ದೇಶದಲ್ಲಿಯೂ ಒಂದು ನೇತ್ರಾಣಿ ಇರುತ್ತದೆ.

ಇನ್ನು ಕೆಲಸದ ಮಾತಿಗೆ ಬರೋಣ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಗಾಜಿನ ಪೆಟ್ಟಿಗೆ ಸಾಕು. ಇದಕ್ಕೆ ಸುಮಾರು 56 ಲೀಟರ್ ನೀರು ಹಿಡಿಯುತ್ತದೆ. ಗಾಜು, ಕಲ್ಲು, ಮರಳು ಎಲ್ಲ ಸೇರಿ ಭಾರ 75 ಕಿಲೋ ದಾಟುವುದರಿಂದ ಪ್ರಯೋಗಾಲಯದ ಕಲ್ಲಿನ ಕಟ್ಟೆಯೇ ಅದಕ್ಕೆ ತಕ್ಕ ಜಾಗ. ಕಾಲು ಅಲುಗುವ ಮೇಜಿನ ಮೇಲೆ ಇಡಕೂಡದು. ನೀರನ್ನು ಸದಾ ಕಲಕುವ ಒಂದು ಚಿಕ್ಕ ಪಂಪ್, ಒಂದು ಹೀಟರ್, ಒಂದು ಉಷ್ಣಮಾಪಕ ಬೇಕು. ನಮ್ಮ ಕಡೆ ಮಾಗಿಯ ರಾತ್ರಿಗಳಲ್ಲಿ ಚಳಿ 15 ಡಿಗ್ರಿಯ ಕೆಳಗೂ ಇಳಿಯುತ್ತದೆ. ಹೀಟರ್ ಇಲ್ಲದಿದ್ದರೆ ನಾವು ಕಾಯುತ್ತಿರುವ ಸೂಕ್ಷ್ಮಜೀವಿಗಳು ಮುದುಡಿ ಕೂರುತ್ತವೆ. 25 ಡಿಗ್ರಿಯ ಆಸುಪಾಸಿನಲ್ಲಿ ನೀರನ್ನು ಹಿಡಿದಿಡಬೇಕು. ದುಬಾರಿ ನೀಲಿ ದೀಪ ಬೇಕಾಗಿಯೇ ಇಲ್ಲ. ಅದು ಹವಳದ ಮೈಯೊಳಗಿನ ಪಾಚಿಗೆ ಬೇಕಾದ ಬೆಳಕು.

ನೀರಿನ ವಿಷಯದಲ್ಲಿ ಮಲೆನಾಡಿನವರು ವಿಶೇಷ ಎಚ್ಚರ ವಹಿಸಬೇಕು. ನಮ್ಮ ಬಾವಿಯ ನೀರು ಮೃದು, ಕುಡಿಯಲು ಸಿಹಿ. ಆದರೆ ಅಡಿಕೆ ತೋಟದ ಅಂಚಿನ ಬಾವಿಯಾದರೆ ಅದನ್ನು ಬಳಸಬಾರದು. ಕೊಳೆರೋಗಕ್ಕೆಂದು ಪ್ರತಿ ಮಳೆಗಾಲದಲ್ಲಿ ನಾವು ಹೊಡೆಯುವ ಬೋರ್ಡೋ ದ್ರಾವಣದಲ್ಲಿರುವುದು ಮೈಲುತುತ್ತ, ಎಂದರೆ ತಾಮ್ರ. ಬೂಷ್ಟನ್ನು ಕೊಲ್ಲುವ ಆ ತಾಮ್ರವೇ ಸಿಗಡಿ, ಬಸವನಹುಳು, ಹವಳ ಮೊದಲಾದ ಬೆನ್ನೆಲುಬಿಲ್ಲದ ಕಡಲಜೀವಿಗಳಿಗೆ ಅತ್ಯಲ್ಪ ಪ್ರಮಾಣದಲ್ಲಿಯೂ ಮಾರಕ. ಒಮ್ಮೆ ಕಲ್ಲಿಗೂ ಮರಳಿಗೂ ಹೀರಿಕೊಂಡರೆ ಬೇಗನೆ ಬಿಟ್ಟುಹೋಗುವುದೂ ಇಲ್ಲ. ಬಚ್ಚಲ ತಾಮ್ರದ ಹಂಡೆಯ ನೀರೂ ಬೇಡ, ತಗಡಿನ ಮಾಡಿನ ನೀರೂ ಬೇಡ. ಕಾಲೇಜಿನ ಪ್ರಯೋಗಾಲಯದ ಭಟ್ಟಿ ಇಳಿಸಿದ ನೀರು ಅಥವಾ ಆರ್‌ಓ ಯಂತ್ರದ ನೀರು ಉತ್ತಮ. ತೋಟದಲ್ಲಿ ನಾವು ಪ್ರತಿವರ್ಷ ಏನನ್ನು ಸುರಿಯುತ್ತಿದ್ದೇವೆ, ಅದು ಹೊಳೆಯ ಪುಟ್ಟ ಜೀವಿಗಳಿಗೆ ಏನಾಗಿ ತಲುಪುತ್ತಿದೆ ಎಂಬ ಪ್ರಶ್ನೆ ಇಲ್ಲಿಯೇ ಏಳುತ್ತದೆ. ಅದಕ್ಕೆ ಬೇರೆಯೇ ಲೇಖನ ಬೇಕು.

ಕಡಲಿನ ನೀರು ಎಂದರೆ ಅಡುಗೆ ಉಪ್ಪು ಕದಡಿದ ನೀರಲ್ಲ. ಒಂದು ಲೀಟರಿನಲ್ಲಿ ಸುಮಾರು 35 ಗ್ರಾಂ ಲವಣವಿರುತ್ತದೆ. ಅದರಲ್ಲಿ ಹೆಚ್ಚಿನದು ಅಡುಗೆ ಉಪ್ಪೇ ಆದರೂ, ಸುಮಾರು 1,300 ಮಿಲಿಗ್ರಾಂ ಮೆಗ್ನೀಷಿಯಂ, 400 ಮಿಲಿಗ್ರಾಂ ಕ್ಯಾಲ್ಸಿಯಂ ಮತ್ತು ಇನ್ನೂ ಹಲವು ಧಾತುಗಳು ಸೇರಿವೆ. ಇವೆಲ್ಲವನ್ನೂ ಬೆರೆಸಿದ ಕೃತಕ ಸಮುದ್ರ ಲವಣ ಪೇಟೆಯಲ್ಲಿ ಸಿಗುತ್ತದೆ. ನಮ್ಮ ಪೆಟ್ಟಿಗೆಗೆ ಎರಡು ಕಿಲೋ ಸಾಕಾಗುತ್ತದೆ. ಬೇರೊಂದು ಬಕೆಟ್ಟಿನಲ್ಲಿ ಕದಡಿ, ಒಂದು ದಿನ ಕಲಕಲು ಬಿಟ್ಟು, ಸಾಪೇಕ್ಷ ಸಾಂದ್ರತೆ 1.025ರ ಹತ್ತಿರ ಬಂದ ಮೇಲೆ ತೊಟ್ಟಿಗೆ ಸುರಿಯಬೇಕು. ನೀರು ಆವಿಯಾದಾಗ ಉಪ್ಪು ಹಿಂದೆಯೇ ಉಳಿಯುತ್ತದೆ. ಆದ್ದರಿಂದ ಇಳಿದ ಮಟ್ಟವನ್ನು ಸಿಹಿನೀರಿನಿಂದ ತುಂಬಬೇಕೇ ಹೊರತು ಉಪ್ಪುನೀರಿನಿಂದಲ್ಲ. ತೊಟ್ಟಿ ಚಿಕ್ಕದಾದಷ್ಟೂ ಈ ಏರಿಳಿತ ಹೆಚ್ಚು. ಚಿಕ್ಕದು ಸುಲಭ ಎಂಬ ನಂಬಿಕೆ ತಪ್ಪು. ಚಳಿಗಾಲದಲ್ಲಿ, ಅಳಿವೆಯಿಂದಲೂ ಬಂದರಿನಿಂದಲೂ ದೂರದ ತೆರೆದ ತೀರದಿಂದ ಕ್ಯಾನುಗಳಲ್ಲಿ ಕಡಲಿನ ನೀರನ್ನೇ ತರುವುದೂ ಸಾಧ್ಯ. ಮಳೆಗಾಲದಲ್ಲಿ ಮಾತ್ರ ಅದು ಅರೆ ಹೊಳೆಯ ನೀರಾಗಿರುತ್ತದೆ.

ಕಲ್ಲನ್ನು ನಾವೇ ಎರೆದುಕೊಳ್ಳಬಹುದು. ಜಂಬಿಟ್ಟಿಗೆಯ ಕಲ್ಲು ತೂತುತೂತಾಗಿರುವುದನ್ನು ಕಂಡು ಅದನ್ನೇ ಇಡೋಣ ಎನಿಸುವುದು ಸಹಜ, ಆದರೆ ಅದರ ತುಂಬ ಕಬ್ಬಿಣ. ಅದರ ಬದಲು ಕರಾವಳಿಯ ನೆಂಟರ ಮನೆಯಲ್ಲಿ ತಿಂದು ಎಸೆದ ಚಿಪ್ಪಿಕಲ್ಲಿನ ಚಿಪ್ಪುಗಳನ್ನು ತೊಳೆದು, ಒಣಗಿಸಿ, ಕುಟ್ಟಿ ನುಚ್ಚು ಮಾಡಿಕೊಳ್ಳಬೇಕು. ನಾಲ್ಕು ಪಾಲು ನುಚ್ಚು, ಒಂದು ಪಾಲು ಸಿಮೆಂಟು, ಒಂದಿಷ್ಟು ಹರಳುಪ್ಪು ಸೇರಿಸಿ ಕಡಿಮೆ ನೀರಿನಲ್ಲಿ ಕಲಸಿ, ಒದ್ದೆ ಮರಳಿನ ಗುಳಿಯಲ್ಲಿ ಉಂಡೆಗಳಾಗಿ ಎರೆಯಬೇಕು. ಉಪ್ಪು ಕರಗಿಹೋದಾಗ ಒಳಗೆ ಸಂದುಗಳು ಉಳಿಯುತ್ತವೆ. ಸಿಮೆಂಟಿನ ಕ್ಷಾರ ಹೋಗಬೇಕಾದರೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ನೀರು ಬದಲಿಸುತ್ತಾ ನೆನೆಸಬೇಕು. ಪಟ್ಟಣದ ಹವ್ಯಾಸಿಗೆ ಇದು ದೊಡ್ಡ ತೊಂದರೆ, ನಮಗೆ ಅಲ್ಲ. ಆಷಾಢದಲ್ಲಿ ಎರೆದು ಹೆಂಚಿನ ಮಾಡಿನ ಸೂರಿನಡಿ ಇಟ್ಟರೆ ದಸರೆಯವರೆಗೆ ಮಳೆಯೇ ತೊಳೆಯುತ್ತದೆ. ಔಷಧಿ ಹೊಡೆಯುವ ತೋಟದ ಮಗ್ಗುಲಿನಲ್ಲಿ ಇಡಬಾರದು, ಅಷ್ಟೇ. ಕೊನೆಗೆ ಕಲ್ಲು ನೆನೆಸಿದ ನೀರಿನ ಪಿಎಚ್ 8ರ ಆಸುಪಾಸಿಗೆ ಇಳಿದಿದೆಯೇ ಎಂದು ನೋಡಿಕೊಂಡರೆ ಕಲ್ಲು ಸಿದ್ಧ. ಆರೇಳು ಕಿಲೋ ಕಲ್ಲು ನಮ್ಮ ಪೆಟ್ಟಿಗೆಗೆ ಸಾಕು.

ಕಲ್ಲು, ನೀರು, ಬಿಸುಪು, ಹರಿವು ಎಲ್ಲ ಸಿದ್ಧವಾದ ಮೇಲೆ ಮುಖ್ಯವಾದ ಆರು ವಾರ ಆರಂಭವಾಗುತ್ತದೆ.

ಕೊಟ್ಟಿಗೆಯನ್ನು ಬೆಳಗ್ಗೆ ತೆರೆದಾಗ ಮೂಗಿಗೆ ಅಡರುವ ಘಾಟಿನಲ್ಲಿರುವುದು ಅಮೋನಿಯಾ. ದನದ ಗಂಜಲ, ಸಗಣಿ, ಸೊಪ್ಪು ಗೊಬ್ಬರದ ಗುಂಡಿಗೆ ಹೋಗಿ ತಿಂಗಳುಗಳು ಕಳೆದಾಗ ಆ ಘಾಟು ಇರುವುದಿಲ್ಲ. ಕಪ್ಪಗೆ ಹುಡಿಯಾದ ಗೊಬ್ಬರಕ್ಕೆ ಮಣ್ಣಿನ ವಾಸನೆ. ನಡುವೆ ಕೆಲಸ ಮಾಡಿದವರು ಯಾರೆಂದು 1890ರ ಸುಮಾರಿಗೆ ತೋರಿಸಿಕೊಟ್ಟವನು ರಷ್ಯಾದ ವಿಜ್ಞಾನಿ ಸೆರ್ಗೇ ವಿನೊಗ್ರಾಡ್‌ಸ್ಕಿ. ಒಂದು ಬಗೆಯ ಸೂಕ್ಷ್ಮಜೀವಿಗಳು ಅಮೋನಿಯಾವನ್ನು ನೈಟ್ರೈಟ್ ಆಗಿ ಮಾಡುತ್ತವೆ. ಇನ್ನೊಂದು ಬಗೆಯವು ನೈಟ್ರೈಟನ್ನು ನೈಟ್ರೇಟ್ ಆಗಿ ಮಾಡುತ್ತವೆ. ಅವಕ್ಕೆ ಬದುಕಲು ಬೆಳಕೂ ಬೇಡ, ಕೊಳೆತ ಆಹಾರವೂ ಬೇಡ. ಈ ರಾಸಾಯನಿಕ ಬದಲಾವಣೆಯಿಂದ ದೊರೆಯುವ ಶಕ್ತಿಯೇ ಅವುಗಳ ಅನ್ನ. ಕಡಲಿನಲ್ಲಿಯೂ ಇದೇ ಕ್ರಮ. ಮೀನಿನ ವಿಸರ್ಜನೆಯಲ್ಲಿ ಅಮೋನಿಯಾ ಇರುತ್ತದೆ. ಕಡಲು ಅದನ್ನು ಅರಗಿಸಿಕೊಳ್ಳುತ್ತದೆ. ಹೊಸ ತೊಟ್ಟಿಗೆ ಅರಗಿಸಿಕೊಳ್ಳುವ ಹೊಟ್ಟೆಯೇ ಇನ್ನೂ ಇರುವುದಿಲ್ಲ. ಅಂಥ ನೀರಿಗೆ ಮೀನು ಬಿಟ್ಟರೆ ಅದು ತನ್ನ ಕಲ್ಮಶದಲ್ಲಿಯೇ ಕಿವಿರು ಸುಟ್ಟುಕೊಂಡು ಸಾಯುತ್ತದೆ. ಕಡಲಿನ ನೀರಿನ ಪಿಎಚ್ 8.2ರ ಸುಮಾರು ಇರುವುದರಿಂದ ಅಲ್ಲಿ ಅಮೋನಿಯಾದ ವಿಷರೂಪದ ಪಾಲು ಪಿಎಚ್ 7ರ ಸಿಹಿನೀರಿಗಿಂತ ಹತ್ತು ಪಟ್ಟಿಗೂ ಹೆಚ್ಚು.

ಈ ಹೊಟ್ಟೆಯನ್ನು ಬೆಳೆಸುವುದನ್ನೇ ಹವ್ಯಾಸಿಗಳು ತೊಟ್ಟಿಯ ಚಕ್ರ ಎನ್ನುತ್ತಾರೆ. ನಾವು ನೀರು ಹದಗೊಳ್ಳುವುದು ಎನ್ನೋಣ. ಹಿಂದೆ ಇದಕ್ಕಾಗಿ ಗಟ್ಟಿಜೀವದ ಡ್ಯಾಮ್ಸೆಲ್ ಮೀನೊಂದನ್ನು ಮೊದಲೇ ಬಿಟ್ಟು, ಬದುಕಿದರೆ ಬದುಕಲಿ ಎಂದು ಸುಮ್ಮನಿರುತ್ತಿದ್ದರು. ಈಗಲೂ ಕೆಲವರು ಹಾಗೆ ಮಾಡುತ್ತಾರೆ. ಪರಿಸರ ಸಂಘದ ಹೆಸರಿನಲ್ಲಿ ಅದು ನಡೆಯಕೂಡದು. ಸಂತೆಯ ಒಂದು ಸಿಗಡಿಯನ್ನು ಕೊಳೆಯಲು ಬಿಟ್ಟರೂ ಅಮೋನಿಯಾ ಬರುತ್ತದೆ, ಆದರೆ ಪ್ರಯೋಗಾಲಯದಲ್ಲಿ ಕೂರಲಾಗದಷ್ಟು ನಾತ. ಸರಿಯಾದ ದಾರಿ ನವಸಾಗರದ್ದು. ಕಲಾಯಿ ಹಾಕುವವನು ಕಾದ ಪಾತ್ರೆಗೆ ತಿಕ್ಕಿದಾಗ ಬಿಳಿ ಹೊಗೆಯೆಬ್ಬಿಸುವ ಆ ಪುಡಿಯೇ ಅಮೋನಿಯಂ ಕ್ಲೋರೈಡ್. ಪಾತ್ರೆಗೆ ಬಳಸುವ ನವಸಾಗರದಲ್ಲಿ ಕಲ್ಮಶವಿರಬಹುದು, ಆದ್ದರಿಂದ ರಸಾಯನಶಾಸ್ತ್ರ ವಿಭಾಗದ ಶುದ್ಧವಾದದ್ದನ್ನೇ ತೆಗೆದುಕೊಳ್ಳಬೇಕು. ನಮ್ಮ ಪೆಟ್ಟಿಗೆಗೆ ಬೇಕಾದದ್ದು ಅರ್ಧ ಗ್ರಾಮಿಗೂ ಕಡಿಮೆ. ಲೀಟರಿಗೆ ಸುಮಾರು 2 ಮಿಲಿಗ್ರಾಂ ಅಮೋನಿಯಾ ಆಗುವಷ್ಟು. ಎಷ್ಟು ಎಂಬುದನ್ನು ಅಣುತೂಕದಿಂದ ಲೆಕ್ಕ ಹಾಕುವುದೇ ಪಿಯುಸಿ ವಿದ್ಯಾರ್ಥಿಗೆ ಒಳ್ಳೆಯ ಅಭ್ಯಾಸ.

ಬೀಜವಾಗಿ ಒಂದು ಲೀಟರ್ ಸಹಜ ಕಡಲಿನ ನೀರು ಸಾಕು. ಗೊಬ್ಬರದ ಗುಂಡಿಯ ಒಂದು ಹಿಡಿ ಮಣ್ಣನ್ನು ಹಾಕಿದರಾಗದೇ ಎಂದು ಯಾರಾದರೂ ವಿದ್ಯಾರ್ಥಿ ಕೇಳಿಯೇ ಕೇಳುತ್ತಾನೆ. ಆಗುವುದಿಲ್ಲ. ಕುಲ ಒಂದೇ ಆದರೂ ಮಣ್ಣಿನವು ಈ ಉಪ್ಪಿಗೆ ಒಗ್ಗಿದವಲ್ಲ.

ಆಮೇಲೆ ದಿನಬಿಟ್ಟು ದಿನ ಒಂದು ಪ್ರನಾಳ ನೀರು ತೆಗೆದು ಪರೀಕ್ಷಿಸಿ ಗೋಡೆಯ ಮೇಲಿನ ಹಾಳೆಯಲ್ಲಿ ಗುರುತಿಸುತ್ತಾ ಹೋಗಬೇಕು. ಮೊದಲ ವಾರವಿಡೀ ಅಮೋನಿಯಾದ ಗೆರೆ ಕದಲುವುದಿಲ್ಲ. ವಿದ್ಯಾರ್ಥಿಗಳು ತಾಳ್ಮೆ ಕಳೆದುಕೊಳ್ಳುವುದು ಇಲ್ಲಿಯೇ. ಎರಡನೆಯ ವಾರದ ಸುಮಾರಿಗೆ ಅದು ಇಳಿಯತೊಡಗಿ, ನೈಟ್ರೈಟಿನ ಪರೀಕ್ಷೆಯಲ್ಲಿ ನೀರು ಮೊದಲ ಬಾರಿಗೆ ನಸುಗುಲಾಬಿಗೆ ತಿರುಗುತ್ತದೆ. ಬರುಬರುತ್ತಾ ಗುಲಾಬಿ ಕಡುವಾಗುತ್ತದೆ. ಅಮೋನಿಯಾ ಪೂರ್ತಿ ಇಳಿದರೂ ನೈಟ್ರೈಟ್ ಬಹಳ ದಿನ ಇಳಿಯುವುದಿಲ್ಲ. ಎರಡನೆಯ ಬಗೆಯ ಜೀವಿಗಳು ನಿಧಾನವಾಗಿ ಬೆಳೆಯುವವು. ಮೊದಲಿನವು ಬಡಿಸಿದ ಮೇಲೆಯೇ ಅವುಗಳ ಊಟ. ನೈಟ್ರೈಟ್ ಹೆಚ್ಚಾಗಿರುವಾಗ ನೈಟ್ರೇಟಿನ ಪರೀಕ್ಷೆ ಸುಳ್ಳು ಹೇಳುತ್ತದೆ, ಅದನ್ನು ಕೊನೆಗೆ ಮಾಡಿದರಾಯಿತು. ನಾಲ್ಕರಿಂದ ಆರು ವಾರಗಳಲ್ಲಿ, ಒಣಕಲ್ಲಿನ ತೊಟ್ಟಿಯಾದರೆ ಕೆಲವೊಮ್ಮೆ ಎಂಟು ವಾರಗಳಲ್ಲಿ, ಒಂದು ದಿನ ಗುಲಾಬಿ ಬಣ್ಣವೇ ಬರುವುದಿಲ್ಲ. ಆಗ ಮತ್ತೆ ಅಷ್ಟೇ ನವಸಾಗರ ಹಾಕಿ ನೋಡಬೇಕು. 24 ಗಂಟೆಯೊಳಗೆ ಅಮೋನಿಯಾ, ನೈಟ್ರೈಟ್ ಎರಡೂ ಮಾಯವಾಗಿ ನೈಟ್ರೇಟ್ ಮಾತ್ರ ಉಳಿದರೆ ನೀರು ಹದವಾಯಿತು.

ಅಮೋನಿಯಾ ಪರೀಕ್ಷೆಗೆ ಹಳೆಯ ಪ್ರಯೋಗಾಲಯಗಳಲ್ಲಿರುವ ನೆಸ್ಲರ್ ದ್ರಾವಕವನ್ನು ಬಳಸಬಾರದು. ಅದರಲ್ಲಿ ಪಾದರಸವಿದೆ, ಕಡಲಿನ ನೀರಿನಲ್ಲಿ ಗಸಿಗಟ್ಟಿ ಫಲಿತಾಂಶವೂ ಕೆಡುತ್ತದೆ.

ಈ ಗೆರೆಗಳು ಪುಸ್ತಕದ ಚಿತ್ರದಂತೆ ನುಣುಪಾಗಿ ಬರುವುದಿಲ್ಲ. ಎರಡು ತೊಟ್ಟಿಗಳ ಗೆರೆ ಒಂದೇ ರೀತಿ ಇರುವುದೂ ಇಲ್ಲ. ಹುಡುಕುವವರಿಗೆ ಇದರಲ್ಲಿ ಹೊಸತು ಇನ್ನೂ ಇದೆ ಎಂಬುದಕ್ಕೆ ಒಂದು ನಿದರ್ಶನ. ಅಮೋನಿಯಾವನ್ನು ತಿನ್ನುವುದು ಬ್ಯಾಕ್ಟೀರಿಯಾ ಮಾತ್ರವೆಂದು ನೂರು ವರ್ಷಕ್ಕೂ ಹೆಚ್ಚು ಕಾಲ ನಂಬಲಾಗಿತ್ತು. 2005ರಲ್ಲಿ ವಿಜ್ಞಾನಿಗಳು ಈ ಕೆಲಸ ಮಾಡುವ, ಬ್ಯಾಕ್ಟೀರಿಯಾವಲ್ಲದ, ಆರ್ಕಿಯಾ ಎಂಬ ಬೇರೆಯೇ ವಂಶದ ಸೂಕ್ಷ್ಮಜೀವಿಯೊಂದನ್ನು ಬೇರ್ಪಡಿಸಿ ಬೆಳೆಸಿದರು. ನೈಟ್ರೊಸೊಪುಮಿಲಸ್ ಎಂದು ಹೆಸರು ಪಡೆದ ಅದರ ಬಂಧುಗಳು ಮಹಾಸಾಗರಗಳ ತುಂಬ ಇವೆಯೆಂದು ಈಗ ತಿಳಿದಿದೆ. ಅದು ದೊರೆತದ್ದು ಆಳಸಮುದ್ರದ ಹಡಗಿನಲ್ಲಿ ಅಲ್ಲ, ಅಮೆರಿಕದ ಸಿಯಾಟಲ್ ನಗರದ ಮತ್ಸ್ಯಾಲಯದ ಒಂದು ಉಪ್ಪುನೀರಿನ ತೊಟ್ಟಿಯ ಜಲ್ಲಿಯಲ್ಲಿ. ಜನ ಗಾಜಿನ ಮುಂದೆ ನಿಂತು ನೋಡುತ್ತಿದ್ದದ್ದು ಮೀನನ್ನು.

ಹದವಾದ ಮೇಲೆ ಮುಂದೇನು? ಹೆಚ್ಚಿನ ಕಾಲೇಜುಗಳು ಇಲ್ಲಿಗೇ ನಿಲ್ಲಿಸುವುದು ಲೇಸು. ಕಾರಣ ಕರೆಂಟು. ಮಲೆನಾಡಿನಲ್ಲಿ ಜೂನ್, ಜುಲೈ ತಿಂಗಳಲ್ಲಿ ತಂತಿಯ ಮೇಲೆ ಮರ ಬಿದ್ದರೆ ಎರಡು-ಮೂರು ದಿನ ವಿದ್ಯುತ್ ಇಲ್ಲದಿರುವುದು ನಮಗೆ ಸಾಮಾನ್ಯ. ಮೀನಿಲ್ಲದ ತೊಟ್ಟಿ ಒಂದು ರಾತ್ರಿಯನ್ನು ಹೇಗೋ ತಾಳಿಕೊಳ್ಳುತ್ತದೆ. ಪಂಪ್ ನಿಂತ ತೊಟ್ಟಿಯಲ್ಲಿ ಮೀನುಗಳಿದ್ದರೆ ಕೆಲವೇ ಗಂಟೆಗಳಲ್ಲಿ ಆಮ್ಲಜನಕ ತೀರುತ್ತದೆ. ಹವಳವಿದ್ದರೆ ಶಾಖ, ಬೆಳಕು, ಕ್ಯಾಲ್ಸಿಯಂ ಎಲ್ಲವನ್ನೂ ದಿನದಿನವೂ ಕಾಯಬೇಕು. ಬೇಸಿಗೆ ರಜೆಯಲ್ಲಿ ಕಾಲೇಜಿನ ಬಾಗಿಲು ಮುಚ್ಚಿದಾಗ ಇದನ್ನು ಕಾಯುವವರು ಯಾರು?

ಇನ್ವರ್ಟರ್ ಇರುವಲ್ಲಿ, ರಜೆಯಲ್ಲಿಯೂ ಊರಿನಲ್ಲಿರುವ ಒಬ್ಬ ಉಪನ್ಯಾಸಕರು ಮುಂದೆ ಬಂದಲ್ಲಿ, ಸಾಕಣೆಯಲ್ಲಿಯೇ ಹುಟ್ಟಿದ ಒಂದು ಜೊತೆ ಕ್ಲೌನ್ ಮೀನನ್ನು ಬಿಡಬಹುದು. 2003ರ ಚಲನಚಿತ್ರದಿಂದ ಮಕ್ಕಳೆಲ್ಲ ‘ನೀಮೋ’ ಎಂದು ಗುರುತಿಸುವ ಮೀನು ಇದು. ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ನಮ್ಮ ದೇಶದಲ್ಲಿಯೇ ಇದರ ಮರಿ ಮಾಡಿಸಿದ್ದಾರೆ. ಇದಕ್ಕೆ ಹವಳವಾಗಲಿ ಕಡಲಹೂವಾಗಲಿ ಜೊತೆಯಲ್ಲಿರಲೇಬೇಕೆಂದಿಲ್ಲ. ಎಲ್ಲ ಮರಿಗಳೂ ಗಂಡಾಗಿಯೇ ಬೆಳೆದು, ಜೊತೆಯಲ್ಲಿ ಬಲವಾದದ್ದು ಹೆಣ್ಣಾಗುವ ಸೋಜಿಗವೂ ಇದರಲ್ಲಿದೆ. ಆದರೆ ಇದು ಹತ್ತು ವರ್ಷಕ್ಕೂ ಮೀರಿ ಬದುಕಬಲ್ಲ ಮೀನು. ತಂದ ವಿದ್ಯಾರ್ಥಿ ಮೂರು ವರ್ಷಕ್ಕೆ ಪದವಿ ಮುಗಿಸಿ ಬೆಂಗಳೂರಿಗೆ ಹೋಗಿರುತ್ತಾನೆ. ಇದನ್ನು ಒಪ್ಪಿಕೊಳ್ಳುವವರು ಮಾತ್ರ ತರಲಿ.

ನಮ್ಮ ಈ ನಿಲುವಿಗೆ ಬರುವ ಬಲವಾದ ಆಕ್ಷೇಪವನ್ನೂ ಹೇಳಬೇಕು. ಕಡಲೇ ಕಾಯುತ್ತಿದೆ, ಲಕ್ಷದ್ವೀಪದ ಹವಳಗಳು 1998, 2010, 2016, 2024ರಲ್ಲಿ ಬಿಸಿಗೆ ಬಿಳಿಚಿಕೊಂಡವು, ಜಗತ್ತಿನಾದ್ಯಂತ ನಾಲ್ಕನೆಯ ಬಾರಿಗೆ ಹವಳ ಬಿಳಿಚುತ್ತಿದೆಯೆಂದು 2024ರ ಏಪ್ರಿಲಿನಲ್ಲಿ ವಿಜ್ಞಾನಿಗಳು ಘೋಷಿಸಿದರು. ಹೀಗಿರುವಾಗ ತೊಟ್ಟಿಯಲ್ಲಾದರೂ ಉಳಿಯಲಿ ಎಂಬುದು ಆ ವಾದ. ಲಂಡನ್ನಿನ ಹಾರ್ನಿಮನ್ ವಸ್ತುಸಂಗ್ರಹಾಲಯದವರು ತೊಟ್ಟಿಯಲ್ಲಿ ಚಂದ್ರನ ಬೆಳಕು, ಋತುಗಳ ಶಾಖ ಎಲ್ಲವನ್ನೂ ಅನುಕರಿಸಿ ಹವಳಗಳು ಬೀಜ ಬಿಡುವಂತೆ ಮಾಡಿ 2017ರಲ್ಲಿ ಆ ವಿಧಾನವನ್ನು ಪ್ರಕಟಿಸಿದ್ದು ನಿಜ. ಹವ್ಯಾಸಿಗಳ ಅನುಭವ ಅಂಥ ಕೆಲಸಕ್ಕೆ ನೆರವಾದದ್ದೂ ನಿಜ. ಆದರೆ ಅದು ಗುರಿಯಿಟ್ಟು, ದಾಖಲೆಯಿಟ್ಟು, ಕಡಲಿಗೆ ಮರಳಿಸುವ ಉದ್ದೇಶದಿಂದ ನಡೆಯುವ ಸಂಶೋಧನೆ. ಪಡಸಾಲೆಯ ಪೆಟ್ಟಿಗೆಯಲ್ಲಿ ಊರು ಗೊತ್ತಿಲ್ಲದ ಒಂದು ತುಂಡು ನೀಲಿ ಬೆಳಕಿನಲ್ಲಿ ಹೊಳೆಯುವುದನ್ನು ಸಂರಕ್ಷಣೆ ಎಂದು ಕರೆಯಲಾಗದು. ಹುಲಿಯನ್ನು ಬೋನಿನಲ್ಲಿಟ್ಟ ಹೋಟೆಲಿಗೆ ನಾವು ಆ ಹೆಸರು ಕೊಡುವುದಿಲ್ಲ.

ತೊಟ್ಟಿಯನ್ನು ಮುಗಿಸುವ ಕ್ರಮವೂ ಮುಖ್ಯ. ಅದರ ನೀರಾಗಲಿ, ಪಾಚಿಯಾಗಲಿ, ಜೀವಿಯಾಗಲಿ ಹೊಳೆಗೂ ಕಡಲಿಗೂ ಸೇರಬಾರದು. ಮೆಡಿಟರೇನಿಯನ್ ಕಡಲಿನಲ್ಲಿ 1984ರಲ್ಲಿ ಮೊನಾಕೊದ ಸಾಗರ ವಸ್ತುಸಂಗ್ರಹಾಲಯದ ಬುಡದಲ್ಲಿಯೇ ಕಾಣಿಸಿಕೊಂಡ, ತೊಟ್ಟಿಗಳಲ್ಲಿ ಬೆಳೆಸುತ್ತಿದ್ದ ಕಾಲೆರ್ಪಾ ಎಂಬ ಹಸಿರು ಪಾಚಿ ಮುಂದೆ ಕಡಲತಳದ ಸಾವಿರಾರು ಹೆಕ್ಟೇರುಗಳಿಗೆ ಹಬ್ಬಿತು. ನಮ್ಮ ಪೆಟ್ಟಿಗೆಯ ನೀರಿನಲ್ಲಿ ಎರಡು ಕಿಲೋ ಉಪ್ಪಿರುತ್ತದೆ. ಅಡಿಕೆಯ ಬುಡಕ್ಕೂ ಗದ್ದೆಗೂ ಅದು ಸಲ್ಲದು. ತೆಂಗಿಗೆ ಉಪ್ಪು ಹಾಕುವ ರೂಢಿ ನಮ್ಮಲ್ಲಿದೆ. ಬಾವಿಯಿಂದ ದೂರದ ಹತ್ತಾರು ತೆಂಗಿನ ಮರಗಳಿಗೆ ಸ್ವಲ್ಪ ಸ್ವಲ್ಪವಾಗಿ ಹಂಚಿ, ಮೇಲೆ ಸಿಹಿನೀರು ಕಟ್ಟಿದರೆ ತೊಂದರೆಯಿಲ್ಲ. ಕಲ್ಲನ್ನು ಒಣಗಿಸಿ ಮುಂದಿನ ವರ್ಷಕ್ಕೆ ಎತ್ತಿಡಬಹುದು.

ಆದ್ದರಿಂದ ಆಸಕ್ತ ಸಂಘಗಳು ಆಷಾಢದಲ್ಲಿ ಕಲ್ಲು ಎರೆಯಲಿ. ದೀಪಾವಳಿ ಕಳೆದು ಕರೆಂಟು ನೆಲೆಗೆ ನಿಂತ ಮೇಲೆ ನೀರಿಗೆ ಉಪ್ಪು ಹಾಕಿದರೆ ಸಂಕ್ರಾಂತಿಯೊಳಗೆ ಗೋಡೆಯ ಹಾಳೆ ತುಂಬಿರುತ್ತದೆ. ಬಿಎಸ್‌ಸಿಯವರು ಪರೀಕ್ಷೆಗಳನ್ನು ಮಾಡಲಿ, ಹೈಸ್ಕೂಲಿನವರು ಗೆರೆ ಎಳೆಯಲಿ. ಇಬ್ಬರು-ಮೂವರು ಕಡೆ ಒಂದೇ ವಾರದಲ್ಲಿ ಆರಂಭಿಸಿದರೆ ತೀರ್ಥಹಳ್ಳಿಯ ಹಾಳೆಯನ್ನೂ ಸಿರಸಿಯ ಹಾಳೆಯನ್ನೂ ಅಕ್ಕಪಕ್ಕ ಇಟ್ಟು ನೋಡಬಹುದು. ಚಳಿ ಹೆಚ್ಚಿದ ಊರಿನಲ್ಲಿ ಹೀಟರಿದ್ದೂ ಗುಲಾಬಿ ಬಣ್ಣ ತಡವಾಗಿ ಇಳಿಯಿತೇ ಎಂಬುದನ್ನು ಮೊದಲು ನೋಡಬೇಕು.